ರುಜು ಎಂದರೆ ನೆಟ್ಟಗೆ

ಕನ್ನಡ ಮೇಷ್ಟ್ರಾದವನಿಗೆ ಪದಗಳ ಮೂಲ ಹುಡುಕುವ ಚಟ ಇರಲೇಬೇಕೆಂದು ನಾನು ದೃಢವಾಗಿ ನಂಬಿದ್ದ ಕಾಲವದು. ‘ರುಜು’ ಎಂದರೆ ‘ಋಜು’, ಅಂದರೆ ನೆಟ್ಟಗಿರುವುದು ಎಂದು ತೀರ್ಮಾನಿಸಿದೆ. ನನ್ನ ರುಜುವೋ, ಕೋಳಿ ತಿಪ್ಪೆ ಕೆದಕಿದ ಹಾಗಿತ್ತು! ಇದು ಭಾಷೆಗೆ ಮಾಡುವ ಅಪಚಾರವೆಂದು ಮನಗಂಡು, ಸಂಜೆ ಸಂಜೆ ಕೂತು ನೆಟ್ಟನೆಯ ಅಕ್ಷರಗಳ ಹೊಸ ರುಜುವನ್ನು ರೂಢಿಸಿಕೊಂಡೆ.

ಪಕ್ಕದ ಮನೆಯ ರೇಷ್ಮೆ ವ್ಯಾಪಾರಿ ಬಾಷಾ ಸಾಹೇಬರಿಗೆ ತೋರಿಸಿದೆ.

“ಚೆಂದಾಗದೆ ಮೇಷ್ಟ್ರೇ. ಆದ್ರೆ ನಮ್ಮ ಉರ್ದುನಲ್ಲಿ ರುಜೂ ಅಂದ್ರೆ ವಾಪಸ್ ಬರೋದು,” ಎಂದರು.

ಪಾಪ, ಅವರಿಗೇನು ಗೊತ್ತು ಎಂದು ಉದಾರವಾಗಿ ಕ್ಷಮಿಸಿದೆ.

ಅಷ್ಟರಲ್ಲಿ ಗುಂಡ್ಲುಪೇಟೆಯಲ್ಲಿ ನನ್ನ ಭಾಮೈದನ ಮದುವೆ ಬಂತು. ತಾಯಿ ಕೊಟ್ಟ ಚಿನ್ನದ ಅಡ್ಡಿಕೆಯನ್ನು ಕತ್ತಿಗೆ ಹಾಕಿಕೊಂಡೇ ತಮ್ಮನ ಧಾರೆಗೆ ನಿಲ್ಲಬೇಕೆಂದು ನನ್ನ ಹೆಂಡತಿ ಜಯಮ್ಮನ ಆಸೆ. ಅಡ್ಡಿಕೆ ಚಾಮರಾಜನಗರದ ಬ್ಯಾಂಕಿನ ಲಾಕರಿನಲ್ಲಿತ್ತು. ಲಾಕರು ನನ್ನೊಬ್ಬನ ಹೆಸರಿನಲ್ಲಿತ್ತು. ಶನಿವಾರ ಇಬ್ಬರೂ ಹೋದೆವು.

ಅಧಿಕಾರಿ ಹೊಸದಾಗಿ ಬಂದಿದ್ದ ಕಂಪ್ಯೂಟರಿನಲ್ಲಿ ನನ್ನ ಹಳೆಯ ಕೋಳಿಕೆದಕನ್ನು ನೋಡಿ, ನಾನು ಈಗ ಹಾಕಿದ್ದನ್ನೂ ನೋಡಿ, “ಸಹಿ ಸರಿಯಿಲ್ಲ ಸಾ,” ಎಂದ.

“ಸ್ವಾಮಿ, ಸಹಿ ಅಂದ್ರೇನೇ ಸರಿ! ಸರಿ ಸರಿಯಿಲ್ಲ ಅಂದ ಹಾಗಾಯ್ತು! ಬೇಕಾದ್ರೆ ದಸ್ಕತ್ತು ಅನ್ನಿ. ದಸ್ತ್ ಅಂದ್ರೆ ಕೈ, ಖತ್ ಅಂದ್ರೆ ಬರಹ...”

“ಯಾವ್ದಾರ ಆಗ್ಲಿ ಸಾ. ಹಳೇದ್ನೇ ಹಾಕ್ಬುಡಿ, ಮುಗ್ದೋಯ್ತದೆ.”

ಹಾಕಲು ಹೋದೆ. ಬರಲಿಲ್ಲ! ಕೈ ನೆಟ್ಟಗಾಗಿಬಿಟ್ಟಿತ್ತು. ಹಾಳೆಯ ತುಂಬ ಗೀಚಿದೆ. ಒಂದೂ ಹಳೆಯದನ್ನು ಹೋಲಲಿಲ್ಲ. ನನ್ನ ರುಜುವನ್ನು ನಾನೇ ನಕಲು ಮಾಡುತ್ತಿರುವ ಕಳ್ಳನೆಂಬಂತೆ ಅಧಿಕಾರಿ ನನ್ನನ್ನು ನೋಡತೊಡಗಿದ.

“ಹೊಸ ಸಹಿಗೆ ಅರ್ಜಿ ಕೊಡಿ ಸಾ. ಮ್ಯಾನೇಜ್ರು ಸೋಮ್ವಾರ ಬತ್ತರೆ.”

ಮದುವೆ ಭಾನುವಾರ!

“ಬ್ಯಾಂಕ್ನೋರ್ಗೂ ಪಾಠ ಯೇಳಿ ನನ್ ಕೊಳ್ನ ಬರಿದು ಮಾಡ್ಬುಟ್ರಲ್ಲ!” ಎಂದಳು ಜಯಮ್ಮ. ಬರಿಗೈಯಲ್ಲಿ ಮನೆಗೆ ಬಂದೆವು.

ಜಗಲಿಯ ಮೇಲಿದ್ದ ಬಾಷಾ ಸಾಹೇಬರು, “ರುಜು ಆಯ್ತಾ ಮೇಷ್ಟ್ರೇ?” ಎಂದರು.

“ಆಯ್ತು, ನಿಮ್ಮ ಅರ್ಥದಲ್ಲಿ,” ಎಂದೆ.

ಧಾರೆಯ ಹೊತ್ತಿನಲ್ಲಿ ಜಯಮ್ಮ ಸೆರಗನ್ನು ಕತ್ತಿನ ಸುತ್ತ ಎಳೆದುಕೊಂಡು ನಿಂತಿದ್ದಳು. ಊಟವಾದ ಮೇಲೆ ಭಾಮೈದ ಮದುವೆ ನೋಂದಣಿಯ ಕಾಗದ ತಂದು, “ಭಾವ, ಸಾಕ್ಷಿ ರುಜು ಹಾಕಿ,” ಎಂದು ಪೆನ್ನು ಚಾಚಿದ. ಜಯಮ್ಮ ಕಸಿದುಕೊಂಡಳು.

“ಇವ್ರ ಕೈಗೆ ಪೆನ್ನು ಕೊಡ್ಬೇಡ ಕಣ್ಲಾ, ನಿನ್ ಮದ್ವೇನೂ ವಾಪಸ್ ಬಂದ್ಬುಟ್ಟದು! ಹೆಬ್ಬೆಟ್ಟು ಒತ್ತುಸ್ಕೊ.”

ನೆಂಟರೆಲ್ಲ ನೋಡುತ್ತಿರುವಂತೆ ಕನ್ನಡ ಮೇಷ್ಟ್ರು ಎಡಗೈ ಚಾಚಿದರು. ಒಂದೇ ಸಮಾಧಾನ, ಹೆಬ್ಬೆಟ್ಟು ಅಚ್ಚ ಕನ್ನಡ ಪದ.