ತೆಂಗಿನಕಾಯಿಗೆ ಗುಂಡು, ಲೈಸೆನ್ಸು ಹೆಂಡತಿಯದು

ನಮ್ಮ ಮನೆಯಲ್ಲಿ ಒಂದು ಬಂದೂಕಿದೆ. ಒಂಟಿ ನಳಿಗೆಯದು. ಹಂದನಕೆರೆ ಪಕ್ಕದ ನಮ್ಮ ತೋಟಕ್ಕೆ ನುಗ್ಗುವ ಕಾಡುಹಂದಿಗಳನ್ನು ಹೆದರಿಸಲೆಂದು ಅಪ್ಪ ಲೈಸೆನ್ಸ್ ಮಾಡಿಸಿದ್ದರು. ಅವರು ತೀರಿಕೊಂಡ ಮೇಲೆ ಅದು ಏಕೈಕ ಪುತ್ರನಾದ ನನ್ನ ಹೆಸರಿಗೆ ಬರಬೇಕಿತ್ತು. ಬಂದದ್ದು ನನ್ನ ಹೆಂಡತಿ ಸಾವಿತ್ರಿಯ ಹೆಸರಿಗೆ!

ಕಾರಣವಿಷ್ಟೆ. ಪೊಲೀಸರು ನಡೆಸುವ ಬಂದೂಕು ತರಬೇತಿಗೆ ಗಂಡ ಹೆಂಡತಿ ಇಬ್ಬರೂ ಹೋಗಿದ್ದೆವು. ನಾನು ಎರಡೂ ಕಣ್ಣು ಮುಚ್ಚಿಕೊಂಡು ಬಂದೂಕಿನ ಕುದುರೆ ಎಳೆದೆ. ಆ ಗುಂಡು ಎಲ್ಲಿಗೆ ಹೋಯಿತೆಂಬುದು ಇವತ್ತಿಗೂ ಇಲಾಖೆಗೆ ತಿಳಿದಿಲ್ಲ. ಸಾವಿತ್ರಿ ಹೊಡೆದ ಐದು ಗುಂಡಿನಲ್ಲಿ ನಾಲ್ಕು ಗುರಿಯ ನಟ್ಟನಡುವೆ ಕೂತಿದ್ದವು. ತರಬೇತಿ ಕೊಡುವವರು ನನ್ನನ್ನು ಪಕ್ಕಕ್ಕೆ ಕರೆದು, "ಲೈಸೆನ್ಸು ಮೇಡಮ್ಮೋರ ಹೆಸರಲ್ಲೇ ಇರ್ಲಿ ಸಾರ್. ಊರಿಗೆ ಒಳ್ಳೇದು" ಎಂದರು.

ಹೀಗಿರುವಾಗ ಸಾವಿತ್ರಿಯ ಕಾಲೇಜು ಗೆಳತಿ ಶೈಲಜ ಫೋನ್ ಮಾಡಿದರು. ಅವರು ಮದುವೆಯಾಗಿ ಕಾಸರಗೋಡಿನ ಕಡೆ ಇದ್ದಾರೆ. ಅಲ್ಲಿನ ತೋಟದವರೆಲ್ಲ ಸೇರಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಇಟ್ಟಿದ್ದಾರಂತೆ. ಹೆಂಗಸರ ವಿಭಾಗವೂ ಇದೆಯಂತೆ. "ಬಂದೂಕು ಸಮೇತ ಬಂದುಬಿಡು" ಎಂದರಂತೆ.

"ಕಾಯಿಗೆ ಗುಂಡು ಹೊಡೆಯೋದಾ?" ಎಂದು ನಾನು ಎದೆ ಹಿಡಿದುಕೊಂಡೆ. ಕೊಬ್ಬರಿಯಿಂದಲೇ ಅನ್ನ ಕಂಡ ತಿಪಟೂರು ಸೀಮೆಯವನು ನಾನು. ಕಾಯಿ ಕೆಳಗೆ ಬಿದ್ದು ಬಿರುಕು ಬಿಟ್ಟರೇ ನಮಗೆ ಆ ದಿನ ಊಟ ಸೇರುವುದಿಲ್ಲ. ಆದರೆ ಸಾವಿತ್ರಿಯ ಮುಖ ನೋಡಿದೆ. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಅವಳು ಯಾವ ಊರಿಗೂ ಹೀಗೆ ಆಸೆಪಟ್ಟಿರಲಿಲ್ಲ.

"ಹೋಗೋಣ ಬುಡು" ಎಂದೆ. "ಲೈಸೆನ್ಸ್ ಅದೆಯಲ್ಲ? ಡ್ರೈವಿಂಗ್ ಲೈಸೆನ್ಸ್ ಇದ್ದಂಗೆ ಕಣೇ. ಕಾಶ್ಮೀರದವರೆಗೂ ನಡೀತದೆ."

ಸಾವಿತ್ರಿ ಬೀರುವಿನಿಂದ ಲೈಸೆನ್ಸ್ ಪುಸ್ತಕ ತಂದು ಮುಂದೆ ಹಿಡಿದಳು. ವ್ಯಾಪ್ತಿ ಎಂಬಲ್ಲಿ 'ಕರ್ನಾಟಕ ರಾಜ್ಯ' ಎಂದಿತ್ತು. ಕಾಶ್ಮೀರದ ಸುದ್ದಿಯೇ ಇರಲಿಲ್ಲ.

"ಕೇರಳಕ್ಕೆ ಹೋಗ್ಬೇಕಂದ್ರೆ ಅನುಮತಿ ಬೇಕು ಕಣ್ರೀ. ಅರ್ಜಿ ನಾನೇ ಬರೀತೀನಿ."

"ನೀನ್ಯಾಕೆ ಬರೀತೀಯ? ಕಾನೂನಿನ ಭಾಷೆ ನಂಗೆ ಬುಡು!"

ಅರ್ಜಿಯನ್ನು ಎರಡು ಪುಟ ಬರೆದೆ. 'ಘನತೆವೆತ್ತ' ಎಂಬ ಪದವೇ ನಾಲ್ಕು ಸಲ ಬಂದಿತ್ತು. ಸಾವಿತ್ರಿಗೆ ತೋರಿಸದೆ ತುಮಕೂರಿಗೆ ಒಯ್ದು, ಜಿಲ್ಲಾಧಿಕಾರಿ ಕಚೇರಿಯ ಗುಮಾಸ್ತೆಯ ಮೇಜಿನ ಮೇಲೆ ಗಂಭೀರವಾಗಿ ಇಟ್ಟೆ. ಆಕೆ ಕನ್ನಡಕ ಏರಿಸಿಕೊಂಡು ಓದತೊಡಗಿದರು.

"'ಹತ್ತು ತೋಟಗಳನ್ನು ಕಾರಿನ ಡಿಕ್ಕಿಯಲ್ಲಿಟ್ಟು ಕೇರಳ ರಾಜ್ಯಕ್ಕೆ ಸಾಗಿಸಲು...' ಏನ್ ಯಜಮಾನ್ರೇ, ಹತ್ತು ತೋಟ ಡಿಕ್ಕೀಲಿ ಹಿಡಿಸ್ತವಾ? ಬೋರ್‌ವೆಲ್ ಎಲ್ಲಿಡ್ತೀರಿ?"

ಬಂದೂಕಿಗೆ ಹಾಕುವ ತೋಟಾ ಎಂದು ಬರೆಯುವಲ್ಲಿ ನಾನು ಒಂದು ದೀರ್ಘ ಬಿಟ್ಟಿದ್ದೆ. ಸುತ್ತಲಿನ ನಾಲ್ಕು ಮೇಜಿನವರೂ ನಕ್ಕರು. ಜವಾನ ಬಾಗಿಲಿಗೆ ಹೋಗಿ ನಕ್ಕುಬಂದ. ಆಕೆ ಪುಟ ತಿರುಗಿಸಿ, "ಲೈಸೆನ್ಸುದಾರರು ಸಾವಿತ್ರಿ ಅಂತೀರಿ, ಸಹಿ ನೀವು ಹಾಕಿದ್ದೀರಿ. ಬಂದೂಕು ನಿಮ್ದಾ?" ಎಂದು ಕೇಳಿದರು.

"ಅಲ್ಲ."

"ಮತ್ತೆ ನೀವ್ಯಾಕೆ ಬಂದ್ರಿ?"

ಘನತೆವೆತ್ತ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಊರಿಗೆ ಹೊರಟೆ.

ಮರುವಾರ ನನ್ನ ಜೊತೆ ಸಾವಿತ್ರಿಯೇ ಕಚೇರಿಗೆ ಬಂದಳು. ಪಂದ್ಯದ ಆಹ್ವಾನ ಪತ್ರ ಲಗತ್ತಿಸಿ ಎಂಟು ಸಾಲಿನ ಅರ್ಜಿ ಕೊಟ್ಟಳು. ಕೆಲವು ವಾರ ಕಾದ ಮೇಲೆ ಆದೇಶ ಕೈಗೆ ಬಂತು. ಕೊಡುವಾಗ ಗುಮಾಸ್ತೆ ವಿವರಿಸಿದರು: "ಬಂದೂಕಲ್ಲಿ ಗುಂಡು ತುಂಬಿರಬಾರ್ದು. ಚೀಲದೊಳಗೇ ಇರ್ಬೇಕು. ತೋಟಾ ಬೇರೆ ಪೆಟ್ಟಿಗೇಲಿರ್ಲಿ. ಕಾಗದ ಪತ್ರದ ಅಸಲು ಜೊತೇಲಿಟ್ಕೊಳ್ಳಿ. ನೀವಲ್ದೆ ಇನ್ಯಾರೂ ಅದನ್ನ ಹೊತ್ಕೊಂಡು ಓಡಾಡಬಾರ್ದು." ಕೊನೆಯ ವಾಕ್ಯವನ್ನು ನನ್ನನ್ನು ನೋಡಿಕೊಂಡು ಹೇಳಿದರು.

ಬೆಳಿಗ್ಗೆ ಬೇಗ ಹೊರಟೆವು. ಹಾಸನದ ಹತ್ತಿರ ಹೋಟೆಲೊಂದರಲ್ಲಿ ತಿಂಡಿಗೆ ನಿಲ್ಲಿಸಿದೆವು. ಬಂದೂಕನ್ನು ಕಾರಿನಲ್ಲಿ ಬಿಡಬಾರದೆಂದು ಸಾವಿತ್ರಿ ಚೀಲವನ್ನು ಒಳಗೆ ತಂದು ಕುರ್ಚಿಗೆ ಒರಗಿಸಿದಳು.

"ಕೈ ತೊಳ್ಕೊಂಡು ಬತ್ತೀನಿ. ಮುಟ್ಬೇಡಿ."

ಅವಳು ಹೋದದ್ದು ಹತ್ತು ಹೆಜ್ಜೆ. ನನಗೆ ಅಷ್ಟು ಸಾಕಾಯಿತು. ಎದುರು ಗೋಡೆಯಲ್ಲಿ ದೊಡ್ಡ ಕನ್ನಡಿಯಿತ್ತು. ಚೀಲವನ್ನು ಹೆಗಲಿಗೇರಿಸಿ ನೋಡಿಕೊಂಡೆ. ಮೀಸೆ ತಾನಾಗಿಯೇ ಮೇಲೆದ್ದಿತು!

ಪಕ್ಕದ ಮೇಜಿನವರು ಗೌರವದಿಂದ ಕೇಳಿದರು, "ಸಾರ್, ಮಿಲಿಟ್ರಿಯವ್ರಾ?"

"ಹೂಂ, ಒಂಥರಾ ಹಂಗೇ."

"ಯಾವ್ ಥರಾ?" ಎಂದಿತು ಬೆನ್ನ ಹಿಂದಿನ ದನಿ. ತಿರುಗಿದೆ. ಕಾಫಿ ಲೋಟ ಹಿಡಿದ ಸಬ್ ಇನ್ಸ್‌ಪೆಕ್ಟರ್!

"ಬಂದೂಕಾ? ಎಲ್ಲಿ ಲೈಸೆನ್ಸು?"

ಚೀಲದ ಜೇಬಿನಿಂದ ತೆಗೆದು ಕೊಟ್ಟೆ. ಅವರು ಫೋಟೋ ನೋಡಿದರು, ನನ್ನನ್ನು ನೋಡಿದರು. "ಈ ಫೋಟೋದಾಗೆ ಸೀರೆ ಉಟ್ಟಿದ್ದೀರಲ್ರೀ?"

ಅಷ್ಟರಲ್ಲಿ ಸಾವಿತ್ರಿ ಒದ್ದೆ ಕೈಯಲ್ಲೇ ಓಡಿಬಂದಳು. ಚೀಲವನ್ನು ನನ್ನ ಹೆಗಲಿನಿಂದ ಕಿತ್ತುಕೊಂಡಳು. ಆದೇಶ, ಆಹ್ವಾನ ಪತ್ರ, ತೋಟಾದ ಲೆಕ್ಕ ಒಂದೊಂದಾಗಿ ಮುಂದಿಟ್ಟಳು. "ತಪ್ಪು ನಂದೇ ಸಾರ್. ಇವರನ್ನ ನಂಬಿ ಹತ್ತು ಹೆಜ್ಜೆ ಹೋದೆ" ಎಂದಳು.

ಸಬ್ ಇನ್ಸ್‌ಪೆಕ್ಟರ್ ಎಲ್ಲವನ್ನೂ ಓದಿ ಮುಗಿಸಿದರು. "ಮೇಡಂ, ಕಾಗದ ಎಲ್ಲಾ ಅಚ್ಚುಕಟ್ಟಾಗವೆ. ಇವರನ್ನ ಮಾತ್ರ ಬಂದೂಕಿಂದ ದೂರ ಇಡಿ. ಇನ್ನೊಂದ್ಸಲ ಇವರ ಹೆಗಲ ಮೇಲೆ ಕಂಡ್ರೆ ಕೇಸ್ ಹಾಕ್ತೀನಿ." ನನ್ನ ಮಸಾಲೆ ದೋಸೆ ತಣ್ಣಗಾಗಿತ್ತು. ನಾನೂ ತಣ್ಣಗಾಗಿದ್ದೆ.

ಘಾಟಿ ಇಳಿದು, ಪುತ್ತೂರು ದಾಟಿ ಗಡಿಯ ಚೆಕ್‌ಪೋಸ್ಟ್ ತಲುಪಿದೆವು. ಅಲ್ಲಿನ ಪೊಲೀಸರು ಸಾವಿತ್ರಿ ಕೊಟ್ಟ ಕಾಗದಗಳನ್ನು ಸಾವಧಾನವಾಗಿ ನೋಡಿದರು. "ಎಲ್ಲ ಸರಿ ಉಂಟು. ಇಷ್ಟು ಚಂದ ಯಾರೂ ತರುವುದಿಲ್ಲ ಮಾರಾಯ್ರೇ. ಪಂದ್ಯ ಗೆದ್ದು ಬನ್ನಿ" ಎಂದು ಅವಳಿಗೆ ಸೆಲ್ಯೂಟ್ ಹೊಡೆದರು. ಆಮೇಲೆ ನನ್ನತ್ತ ಬಗ್ಗಿ, "ನೀವು ಯಾರು?" ಎಂದರು.

"ಡ್ರೈವರ್" ಎಂದೆ.

ಮಾರನೆಯ ದಿನ ಪಂದ್ಯ. ದೂರದ ಕಂಬಕ್ಕೆ ಕಾಯಿ ಕಟ್ಟಿದ್ದರು. ಒಬ್ಬೊಬ್ಬರಿಗೆ ಮೂರು ಗುಂಡು. ಗಂಡಸರ ವಿಭಾಗದಲ್ಲಿ ಯಾರದೋ ಗುಂಡು ತಗುಲಿ ಮೊದಲ ಕಾಯಿ ಸಿಡಿದಾಗ ನಾನು "ಅಯ್ಯೋ!" ಎಂದು ಚೀರಿಬಿಟ್ಟೆ. ಎರಡನೆಯದಕ್ಕೂ ಚೀರಿದೆ. ಪಂದ್ಯ ನಡೆಸುವವರು ಬಂದು, ತೊಂದರೆಯಿದ್ದರೆ ಚಪ್ಪರದ ಹಿಂದೆ ಕುಳಿತುಕೊಳ್ಳಿ ಎಂದು ವಿನಯದಿಂದ ಕೇಳಿಕೊಂಡರು.

ಸಾವಿತ್ರಿಯ ಸರದಿ ಬಂತು. ಸೆರಗು ಸಿಕ್ಕಿಸಿ, ಬಂದೂಕು ಹೆಗಲಿಗೆ ಒತ್ತಿಕೊಂಡು ನಿಂತಳು. ಮೊದಲ ಗುಂಡು ತಪ್ಪಿತು. ಎರಡನೆಯದು ಸಿಪ್ಪೆ ಸವರಿಕೊಂಡು ಹೋಯಿತು. ಕಾಯಿ ಓಲಾಡತೊಡಗಿತು. ಅವಳು ಬಂದೂಕು ಇಳಿಸಿದಳು. ಕಾಯಿ ನಿಲ್ಲುವವರೆಗೆ ಕಾದಳು. ಚಪ್ಪರದ ಹಿಂದೆ ಕುಳಿತ ನನಗೆ ತಡೆಯಲಾಗಲಿಲ್ಲ. ಎದ್ದು ಓಡಿಬಂದು, ಜನ್ಮದಲ್ಲಿ ಮೊದಲ ಬಾರಿಗೆ, ತೆಂಗಿಗೆ ದ್ರೋಹ ಬಗೆದೆ: "ಹೊಡಿಯೇ ಸಾವಿತ್ರಿ! ಚೂರು ಚೂರು ಮಾಡು!"

ಢಂ! ಕಾಯಿ ನೂರು ಚೂರಾಯಿತು. ಕಾಯಿಯ ನೀರು ಸೂರ್ಯನ ಬೆಳಕಿನಲ್ಲಿ ಚಿಮ್ಮಿತು. ಹೆಂಗಸರ ವಿಭಾಗದಲ್ಲಿ ಕಾಯಿ ಒಡೆದವಳು ಅವಳೊಬ್ಬಳೇ. ಬಹುಮಾನವಾಗಿ ಒಂದು ಕಪ್ಪು, ಒಂದು ಶಾಲು, ಜೊತೆಗೆ ಒಂದು ಮೂಟೆ ತೆಂಗಿನಕಾಯಿ! ಮೂಟೆ ಹೊರುವ ಹಕ್ಕಿಗೆ ಯಾವ ಲೈಸೆನ್ಸೂ ಬೇಕಿರಲಿಲ್ಲ. ಅದನ್ನು ನನಗೇ ಕೊಟ್ಟರು.

ಊರಿಗೆ ಬಂದಾಗ ಪಕ್ಕದ ತೋಟದ ಬಸವಣ್ಣ ಹಾರ ಹಿಡಿದು ನಿಂತಿದ್ದ. ಹಾರ ಸಾವಿತ್ರಿಗೆ ಹಾಕಿ, ಡಿಕ್ಕಿ ಇಣುಕಿ, "ಏನ್ಲಾ ರಾಜಣ್ಣ, ತಿಪಟೂರಿಗೇ ಕಾಯಿ ತಂದಿದ್ದೀಯಲ್ಲೋ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕರೆ ನಗಲಿ. ಅವನ ಹೆಂಡತಿ ಏನು ಗೆದ್ದಿದ್ದಾಳೆ?

ಮುಂದಿನ ವಾರ ಪತ್ರಿಕೆಯಲ್ಲಿ ಫೋಟೋ ಬಂತು. ಕಪ್ಪು ಹಿಡಿದ ಸಾವಿತ್ರಿ, ನಗುವ ಶೈಲಜ. ನಾನು ಐದು ಪ್ರತಿ ಕೊಂಡು ನೆಂಟರಿಗೆಲ್ಲ ಹಂಚಿದೆ. ಫೋಟೋದಲ್ಲಿ ನಾನೂ ಇದ್ದೇನೆ. ಬಲಗಡೆ ತುದಿಯಲ್ಲಿ, ಮೂಟೆಯ ಪಕ್ಕ ಕಾಣುವ ಮೊಣಕೈ ನನ್ನದೇ!