ಭಾನುವಾರದ ಕಜ್ಜಾಯ

ಮುರಳಿಮೋಹನ್ ಮೇಷ್ಟ್ರು ಸಿಹಿ ಬಿಡಬೇಕಾಗಿ ಬಂದದ್ದು ಒಂದು ಪ್ಯಾಂಟಿನ ಗುಂಡಿಯ ದೆಸೆಯಿಂದ. ಶಿಡ್ಲಘಟ್ಟದ ಹೈಸ್ಕೂಲೊಂದರಲ್ಲಿ ಅವರು ಪಿ.ಟಿ. ಮೇಷ್ಟ್ರು. ಗಣರಾಜ್ಯೋತ್ಸವದ ದಿನ ಮಕ್ಕಳ ಸಾಲಿನ ಮುಂದೆ ನಿಂತು, ಎದೆಯುಬ್ಬಿಸಿ ಸೆಲ್ಯೂಟ್ ಹೊಡೆದರು. ಎದೆ ಅಷ್ಟಾಗಿ ಉಬ್ಬಲಿಲ್ಲ, ಅದರ ಕೆಳಗಿದ್ದದ್ದು ಉಬ್ಬಿತು. ಗುಂಡಿ ಟಪ್ಪನೆ ಹಾರಿ ಮುಖ್ಯ ಅತಿಥಿಗಳ ಕಾಲ ಬುಡದಲ್ಲಿ ಬಿತ್ತು. ಅತಿಥಿಗಳು ಒಳ್ಳೆಯ ಮನುಷ್ಯರು. ಬಗ್ಗಿ ಎತ್ತಿಟ್ಟುಕೊಂಡು, ಬಹುಮಾನ ಹಂಚುವ ಹೊತ್ತಿಗೆ ಮೇಷ್ಟ್ರನ್ನು ವೇದಿಕೆಗೆ ಕರೆಸಿ ಎಲ್ಲರೆದುರು ಕೈಗೆ ಕೊಟ್ಟರು. ಮಕ್ಕಳು ಅವತ್ತು ಬೇರೆ ಯಾವ ಬಹುಮಾನಕ್ಕೂ ಅಷ್ಟು ಚಪ್ಪಾಳೆ ಹೊಡೆಯಲಿಲ್ಲ.

ಮೇಷ್ಟ್ರ ಹೆಂಡತಿ ಯಾಮಿನಿ ಆ ಸಂಜೆಯೇ ಫೋನು ಹಿಡಿದು ಕೂತು ತೂಕ ಇಳಿಸುವ ಪ್ಲಾನು ತಯಾರಿಸಿದಳು. ಬೆಳಿಗ್ಗೆ ರಾಗಿ ಅಂಬಲಿ, ಮಧ್ಯಾಹ್ನ ಒಂದೇ ಮುದ್ದೆ, ರಾತ್ರಿ ಸೌತೆಕಾಯಿ. ಸಿಹಿ ಪೂರಾ ಬಂದ್. ಮುದ್ದೆ ಒಂದಾದದ್ದನ್ನು ಮೇಷ್ಟ್ರು ಸಹಿಸಿದರು, ಸೌತೆಕಾಯಿಯನ್ನೂ ಸಹಿಸಿದರು. ಸಿಹಿಯ ವಿಷಯ ಬಂದಾಗ ಮಾತ್ರ ಮುಖ ಊದಿಸಿಕೊಂಡು ಮಹಡಿ ಮೆಟ್ಟಿಲ ಮೇಲೆ ಕೂತುಬಿಟ್ಟರು. ಕೊನೆಗೆ ರಾಜಿಯಾಯಿತು. ಸಕ್ಕರೆ ಯಾವತ್ತಿಗೂ ಇಲ್ಲ. ಬೆಲ್ಲದ ಸಿಹಿ ಒಂದು, ಅದೂ ಭಾನುವಾರ ಮಾತ್ರ.

"ಆ ವಾರದ್ದು ಆ ವಾರಾನೇ ಮುಗೀಬೇಕು. ತಪ್ಪಿಹೋದ್ರೆ ಹೋಯ್ತು. ಮುಂದಿನ ವಾರ ಎರಡು ಕೊಡು ಅಂತ ಬರೋ ಹಾಗಿಲ್ಲ," ಎಂದು ಯಾಮಿನಿ ಷರತ್ತು ಹಾಕಿದಳು.

ಅಂದಿನಿಂದ ಮೇಷ್ಟ್ರ ಬದುಕಿಗೆ ಒಂದು ಗುರಿ ಬಂತು. ಸೋಮವಾರ ಹೋಳಿಗೆ ಎಂದು ನಿರ್ಧರಿಸಿದವರು ಬುಧವಾರದ ಹೊತ್ತಿಗೆ ಕಡುಬಿಗೆ ಬದಲಾಯಿಸಿ, ಶುಕ್ರವಾರ ಮತ್ತೆ ಹೋಳಿಗೆಗೇ ಮರಳುತ್ತಿದ್ದರು. ಒಂದೇ ಒಂದು ಎಂದಮೇಲೆ ಅದು ಒಳ್ಳೆಯದೇ ಆಗಬೇಕಲ್ಲವೇ? ಭಾನುವಾರ ಅದನ್ನು ಮುರಿದು ಮುರಿದು, ಕಣ್ಣು ಮುಚ್ಚಿಕೊಂಡು, ಅರ್ಧ ಗಂಟೆ ತಿನ್ನುತ್ತಿದ್ದರು. ಬೆಲ್ಟು ಕೂಡ ಒಂದು ತೂತು ಒಳಗೆ ಬಂದಿತ್ತು. ಆ ಒಂದು ಸಿಹಿ ಇದ್ದರೆ ಮಿಕ್ಕ ದಿನಗಳ ಸೌತೆಕಾಯಿಯನ್ನೂ ನುಂಗಬಹುದೆಂದು ಅವರಿಗೆ ಧೈರ್ಯ ಬಂದಿತ್ತು.

ಈ ಭಾನುವಾರವೂ ಬೇಳೆ ಬೇಯುತ್ತಿತ್ತು. ಮೇಷ್ಟ್ರು ಅಡುಗೆಮನೆ ಬಾಗಿಲಲ್ಲಿ ನಿಂತು ವಾಸನೆ ಹಿಡಿಯುತ್ತಿದ್ದರು. ಅಷ್ಟರಲ್ಲಿ ಕಾಂಪೌಂಡಿನಾಚೆಯಿಂದ ಪಕ್ಕದ ಮನೆಯ ಗಂಗುಲಪ್ಪನವರ ತಲೆ ಕಾಣಿಸಿತು. ಬೀದಿಯಲ್ಲಿ ಯಾರ ಮನೆಗೆ ಹುಡುಗಿ ಬೇಕು, ಯಾರ ಮನೆಯ ಹುಡುಗ ಖಾಲಿ ಇದ್ದಾನೆ ಎಂಬುದೆಲ್ಲ ಅವರ ತಲೆಯಲ್ಲೇ ಇರುತ್ತಿತ್ತು. ಮೇಷ್ಟ್ರಿಗೆ ತಂದೆ ತಾಯಿ ಇಲ್ಲದ್ದರಿಂದ, ಯಾರೂ ಕೇಳದಿದ್ದರೂ ಗಂಗುಲಪ್ಪನವರೇ ಹಿರಿಯರಾಗಿದ್ದರು.

"ಮುರಳಪ್ಪಾ, ಹೊರಡಪ್ಪ. ನಗರಗೆರೆಗೆ ಹೋಗಿ ನಮ್ ಭಾನುಗೆ ಹುಡುಗಿ ನೋಡ್ಕೊಂಡ್ ಬರಣ. ವೆಂಕಟರವಣಪ್ಪನ ಮಗಳು, ಹರಿಣಿ ಅಂತ. ಬ್ಯಾಂಕಲ್ಲಿ ಕೆಲಸ."

"ಇವತ್ತೇನಾ?" ಎಂದರು ಮೇಷ್ಟ್ರು. ಭಾನುಪ್ರಕಾಶ್ ಮೇಷ್ಟ್ರ ತಮ್ಮ, ಹಾಲಿನ ಡೇರಿಯಲ್ಲಿ ಸೂಪರ್‌ವೈಸರ್. ಅವನ ಮದುವೆಯಾಗಬೇಕೆಂದು ಅವರಿಗೂ ಆಸೆಯೇ. ಆದರೆ ಒಲೆಯ ಮೇಲೆ ಬೇಳೆ ಬೇಯುತ್ತಿರುವಾಗಲೇ ಏಕೆ?

"ಮುಂದಿನ ವಾರಕ್ಕೆ ಆಷಾಢ ಹುಟ್ಟಿಬಿಡುತ್ತೆ ಕಣಪ್ಪ. ಇವತ್ತು ಬಿಟ್ರೆ ಒಂದು ತಿಂಗಳು ಹೋಯ್ತು."

ಯಾಮಿನಿ ಒಲೆ ಆರಿಸಿ ಸೀರೆ ಬದಲಾಯಿಸಲು ಹೋದಳು. ಮೇಷ್ಟ್ರು ಅವಳ ಹಿಂದೆಯೇ ಹೋಗಿ, "ಹೋಳಿಗೆ?" ಎಂದರು.

"ಬೇಗ ವಾಪಸ್ ಬಂದ್ರೆ ಸಾಯಂಕಾಲ ಮಾಡ್ಕೊಡ್ತೀನಿ ರೀ."

"ಪರವಾಗಿಲ್ಲ ಬಿಡು, ಹುಡುಗಿ ಮನೇಲಿ ಹೇಗೂ ಏನಾದ್ರೂ ಮಾಡಿರ್ತಾರೆ."

ಗಂಗುಲಪ್ಪನವರಿಗೆ ಅದು ಕೇಳಿಸಿಬಿಟ್ಟಿತು. ಕಾಂಪೌಂಡು ಬಿಟ್ಟು ಒಳಗೇ ಬಂದರು. "ಅಯ್ಯಯ್ಯೋ, ಮುಟ್ಟಿಬಿಟ್ಟೀಯಾ ಮತ್ತೆ! ಬೇರೆ ಕಡೆ ಕೇಸರಿಬಾತಿಂದ ಶುರು ಮಾಡ್ತಾರೆ, ಸರಿ. ಇವರ ಮನೇಲಿ ಹಂಗಲ್ಲ. ಸಿಹಿ ತಟ್ಟೆ ಮಧ್ಯದಲ್ಲಿ ಇಟ್ಟಿರ್ತಾರೆ. ಖಾರ ಎಷ್ಟ್ ಬೇಕಾದ್ರೂ ತಿನ್ನು, ಕಾಫಿ ಕುಡಿ. ಹುಡುಗನ ಕಡೆ ಹಿರಿಯ ಸಿಹಿಗೆ ಕೈ ಹಾಕ್ದ ಅಂದ್ರೆ ಸಂಬಂಧ ಒಪ್ಕೊಂಡ ಅಂತ ಲೆಕ್ಕ. ಆಮೇಲೆ ಇಲ್ಲ ಅನ್ನೋಕಾಗಲ್ಲ. ಹಿರಿಯ ಅಂದ್ರೆ ನಾನಲ್ಲ, ಹುಡುಗನ ಅಣ್ಣ ನೀನೇ."

"ಚಿಂತಾಮಣಿ ಹುಡುಗೀನ್ನೂ ನೋಡಿ ಆಮೇಲೆ ಹೇಳಣ," ಎಂದು ಯಾಮಿನಿ ಒಳಗಿನಿಂದ ಕೂಗಿದಳು. "ಮುಟ್ಟಬೇಡಿ ರೀ. ನೆನಪಿರಲಿ."

ಭಾನು ಕಾರು ಓಡಿಸಿದ. ಚಿಕ್ಕಬಳ್ಳಾಪುರ ತಲುಪುವಷ್ಟರಲ್ಲಿ ಟಯರು ಪಂಕ್ಚರಾಯಿತು. ಪಂಕ್ಚರ್ ಹಾಕುವವನು ಊಟಕ್ಕೆ ಹೋಗಿದ್ದ. ಮೇಷ್ಟ್ರು ಕಾಲು ಸಡಿಲ ಮಾಡಿಕೊಳ್ಳುತ್ತೇನೆಂದು ಹೇಳಿ ಎದುರಿನ ಬೇಕರಿಗೆ ದಾಟಿದರು. ಗಾಜಿನ ಭರಣಿಯಲ್ಲಿ ಕಡಲೆಕಾಯಿ ಚಿಕ್ಕಿ ಇತ್ತು. "ಬೆಲ್ಲದ್ದಾ?" ಎಂದು ಪಿಸುಗುಟ್ಟಿದರು.

"ಸಾರ್! ನಮ್ ಪಿ.ಟಿ. ಸಾರ್!" ಎಂದು ಬೇಕರಿಯವನು ಗಲ್ಲಾ ಬಿಟ್ಟು ಎದ್ದು ಓಡಿಬಂದ. ಹಳೆಯ ವಿದ್ಯಾರ್ಥಿ. "ಏನ್ ಸಾರ್, ಚಿಕ್ಕಿನಾ ಸಾರ್? ಇಡೀ ಭರಣಿ ತಗೊಂಡ್ಹೋಗಿ ಸಾರ್!" ಅವನ ಗಂಟಲು ಶಾಲೆಯಲ್ಲಿ 'ಸಾವಧಾನ್' ಕೂಗಿ ಪಳಗಿದ್ದು, ಪಳಗಿಸಿದವರು ಮೇಷ್ಟ್ರೇ. ರಸ್ತೆಯಾಚೆ ಯಾಮಿನಿ ತಿರುಗಿ ನೋಡಿದಳು. ಬಂದಳು.

ಅವಳು ರೇಗಲಿಲ್ಲ. "ತಿನ್ನಿ. ಇವತ್ತು ಭಾನುವಾರ ತಾನೆ? ಆದ್ರೆ ಈ ವಾರದ್ದು ಇದೇ."

ಮೇಷ್ಟ್ರು ಚಿಕ್ಕಿಯನ್ನು ಹಿಡಿದು ತಿರುಗಿಸಿ ನೋಡಿದರು. ಮಳೆಗಾಲದ ತೇವಕ್ಕೆ ಮೆತ್ತಗಾಗಿತ್ತು. ಆರು ದಿನ ಕಾದದ್ದು ಇದಕ್ಕೋ? ತುಪ್ಪದ ಹೋಳಿಗೆ ಕೂರಬೇಕಾದ ಜಾಗದಲ್ಲಿ ಈ ಚಿಕ್ಕಿ ಕೂರುವುದೋ? ಸ್ವಾಭಿಮಾನ ಅಡ್ಡ ಬಂತು. "ಬೇಡಪ್ಪ," ಎಂದು ವಾಪಸ್ ಕೊಟ್ಟರು. ಸಾಯಂಕಾಲ ಹೋಳಿಗೆ ಇದ್ದೇ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡರು.

ನಗರಗೆರೆ ಸೇರುವಾಗ ಹೊತ್ತು ವಾಲಿತ್ತು. ವೆಂಕಟರವಣಪ್ಪನವರು ಬೀದಿಬಾಗಿಲಿಗೇ ಬಂದು ಕೈ ಮುಗಿದು ಕರೆದುಕೊಂಡು ಹೋದರು. ಅವರ ತಾಯಿ ಅಮ್ಮಾಜಮ್ಮ ಅಡುಗೆಮನೆ ಬಾಗಿಲ ಹತ್ತಿರ ಕಾಲು ಚಾಚಿ ಕೂತಿದ್ದರು. "ದಾ ನಾಯನಾ, ಕೂತ್ಕೋ," ಎಂದು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಉಪಚಾರ ಮಾಡಿದರು.

ಬೋಂಡ ಬಂತು, ನಿಪ್ಪಟ್ಟು ಬಂತು. ಆಮೇಲೆ ನಡುಮನೆಯ ಮಧ್ಯದ ಸ್ಟೂಲಿನ ಮೇಲೆ, ಸರಿಯಾಗಿ ಮೇಷ್ಟ್ರ ಮೂಗಿನ ನೇರಕ್ಕೆ, ಹಿತ್ತಾಳೆ ತಟ್ಟೆಯ ತುಂಬ ಕಜ್ಜಾಯ ಬಂದು ಕೂತಿತು. ಆಗತಾನೇ ಎಣ್ಣೆಯಿಂದ ತೆಗೆದದ್ದು. ಮೇಲೆ ಗಸಗಸೆ, ಅಂಚು ಗರಿಗರಿ, ನಡುವೆ ಮೃದು. ಬೆಲ್ಲದ ಪಾಕ ಹದವಾಗಿ ಬಂದಿದೆಯೆಂದು ನೋಡಿದರೇ ತಿಳಿಯುತ್ತಿತ್ತು. ಯಾಮಿನಿ ಮೇಷ್ಟ್ರ ಕಡೆ ಒಂದು ಸಲ ನೋಡಿದಳು. ಮೇಷ್ಟ್ರು ಗೋಡೆಯ ಕ್ಯಾಲೆಂಡರ್ ನೋಡಿದರು. ಅಲ್ಲಿ ಭಾನುವಾರ ಕೆಂಪಗೆ ಕಾಣಿಸಿತು.

ಹರಿಣಿ ಕಾಫಿ ತಂದಳು. ನಾಚಿಕೆ ಗೀಚಿಕೆ ಇಲ್ಲದೆ, ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಹೇಳಿದಳು. "ನಮ್ಮೆಜಮಾನ್ರಿಗೆ ಸಕ್ಕರೆ ಇಲ್ದೇ ಇರೋದು ಕೊಡಮ್ಮ," ಎಂದು ಯಾಮಿನಿ ಅಭಿಮಾನದಿಂದ ಹೇಳಿ ಪ್ಲಾನಿನ ಕತೆಯನ್ನೆಲ್ಲ ಬಿಚ್ಚಿದಳು. ಸೌತೆಕಾಯಿಯ ಭಾಗ ಕೇಳಿ ಅಮ್ಮಾಜಮ್ಮ ಲೊಚಗುಟ್ಟಿದರು.

ಆಮೇಲೆ ಎಲ್ಲರೂ ಒಬ್ಬೊಬ್ಬರಾಗಿ ಎದ್ದರು. ಭಾನು ಮತ್ತು ಹರಿಣಿ ಮಾತಾಡಿಕೊಳ್ಳಲಿ ಎಂದು ಹಿತ್ತಲಿಗೆ ಕಳಿಸಿದರು. ಯಾಮಿನಿ ಹುಡುಗಿಯ ತಾಯಿಯ ಜೊತೆ ಮನೆ ನೋಡಲು ಹೋದಳು. ವೆಂಕಟರವಣಪ್ಪನವರು ಹೊಸದಾಗಿ ಹಾಕಿದ ಹಿಪ್ಪುನೇರಳೆ ತೋರಿಸಲು ಗಂಗುಲಪ್ಪನವರನ್ನು ಕರೆದರು.

"ಬರ್ತಾ ಲೇಟಾಗುತ್ತೆ ಕಣಪ್ಪ," ಎಂದರು ಗಂಗುಲಪ್ಪ, ಚಪ್ಪಲಿ ಮೆಟ್ಟುತ್ತಾ. "ರಾತ್ರಿ ಊಟ ಗೌರಿಬಿದನೂರಲ್ಲಿ ನಮ್ಮ ತಂಗಿ ಮನೇಲಿ. ಫೋನ್ ಮಾಡಿ ಹೇಳ್ಬಿಟ್ಟಿದ್ದೀನಿ. ನಿಂಗೆ ಸೌತೆಕಾಯಿ ಹೆಚ್ಚಿಡು ಅಂದಿದ್ದೀನಿ."

ಅಂದರೆ ಹೋಳಿಗೆ ಇಲ್ಲ. ಚಿಕ್ಕಿಯೂ ಹೋಯಿತು. ಈ ಭಾನುವಾರ ಮುಳುಗಿದರೆ ಮುಂದಿನ ಭಾನುವಾರದವರೆಗೆ ಬರೀ ಅಂಬಲಿ. ಮೇಷ್ಟ್ರಿಗೆ ನಿಜವಾಗಿಯೂ ಅಳು ಬಂತು. ನಲವತ್ತು ದಾಟಿದ ಗಂಡಸು ಸಿಹಿಗಾಗಿ ಅಳುವುದೇ ಎಂದು ನೀವು ನಗಬಹುದು. ಆರು ದಿನ ಸೌತೆಕಾಯಿ ತಿಂದು ನೋಡಿ, ಆಮೇಲೆ ಮಾತಾಡೋಣ.

ನಡುಮನೆಯಲ್ಲಿ ಈಗ ಇದ್ದದ್ದು ಅವರು ಮತ್ತು ಕಜ್ಜಾಯ. ಅಮ್ಮಾಜಮ್ಮ ಕೂತಿದ್ದ ಜಾಗವೂ ಖಾಲಿಯಾಗಿತ್ತು. ಮೇಷ್ಟ್ರು ಯೋಚಿಸಿದರು. ಕೈ ಹಾಕಿದರೆ ಒಪ್ಪಿದ ಲೆಕ್ಕ, ನಿಜ. ಆದರೆ ಯಾರೂ ನೋಡದಿದ್ದರೆ ಯಾರು ಒಪ್ಪಿದ ಹಾಗಾಯಿತು? ಪ್ಲಾನಿನ ಪ್ರಕಾರವೂ ತಪ್ಪಿಲ್ಲ. ಬೆಲ್ಲದ್ದು, ಒಂದೇ, ಭಾನುವಾರ.

ತಟ್ಟೆಯ ಅಂಚಿನಿಂದ ಒಂದನ್ನು ಎತ್ತಿದರು. ಎತ್ತಿದ ಕಡೆ ಹಲ್ಲು ಬಿದ್ದಂತೆ ಸಂದಿ ಕಾಣಿಸಿತು. ಇಪ್ಪತ್ತು ವರ್ಷ ಮಕ್ಕಳನ್ನು ಸಾಲು ನಿಲ್ಲಿಸಿದ ಕೈ. ರಜೆ ಹಾಕಿದ ಹುಡುಗನ ಜಾಗ ಹೇಗೆ ತುಂಬಬೇಕೆಂದು ಅದಕ್ಕೆ ಗೊತ್ತಿತ್ತು. ಪಕ್ಕದವನ್ನು ತುಸು ತುಸುವೇ ಸರಿಸಿ ಸಾಲು ನೇರ ಮಾಡಿದರು. ಆಮೇಲೆ ಕಜ್ಜಾಯವನ್ನು ಇಡಿಯಾಗಿ ಬಾಯಿಗಿಟ್ಟು ಕಣ್ಣು ಮುಚ್ಚಿದರು. ಆಹಾ!

ಕಣ್ಣು ತೆರೆದಾಗ ಎದುರಿಗೆ ಅಮ್ಮಾಜಮ್ಮ ನಿಂತಿದ್ದರು. ಅವರು ಎಲ್ಲಿಗೂ ಹೋಗಿರಲಿಲ್ಲ, ಬಾಗಿಲ ಹಿಂದಕ್ಕೆ ಸರಿದು ಕೂತಿದ್ದರು ಅಷ್ಟೆ.

"ಒರೇ ವೆಂಕಟರವಣಾ! ಓಡಿ ಬಾರೋ! ಒಪ್ಪಿದ್ರು ಕಣೋ! ಬೀಗ್ರು ಸಿಹಿ ತಿಂದ್ರು!"

ಮೇಷ್ಟ್ರು ಇಲ್ಲ ಎನ್ನಲು ಹೋದರು. ಕಜ್ಜಾಯ ಅಂಗುಳಕ್ಕೆ ಮೆತ್ತಿಕೊಂಡು "ಮ್ಹೂಂ ಮ್ಹೂಂ" ಎಂದಷ್ಟೇ ಹೊರಟಿತು. "ಹೂಂ ಅಂತಿದ್ದಾರೆ!" ಎಂದು ಅಮ್ಮಾಜಮ್ಮ ಇನ್ನೂ ಜೋರಾಗಿ ಕೂಗಿದರು. ವೆಂಕಟರವಣಪ್ಪನವರು ಕೆಸರುಕಾಲಲ್ಲೇ ಓಡಿಬಂದು ಮೇಷ್ಟ್ರನ್ನು ತಬ್ಬಿಕೊಂಡರು. ಅಕ್ಕಪಕ್ಕದ ಹೆಂಗಸರು ಕುಂಕುಮದ ಬಟ್ಟಲು ಹಿಡಿದು ಬಂದರು. ಗಂಗುಲಪ್ಪನವರು ಬಾಗಿಲಲ್ಲಿ ನಿಂತು ಹಣೆ ಚಚ್ಚಿಕೊಂಡರು. "ಒಂದೇ ಒಂದು ಮಾತು ಹೇಳಿದ್ದೆ ಕಣಪ್ಪಾ ನಿಂಗೆ!"

ಯಾಮಿನಿ ಒಳಗಿನಿಂದ ಬಂದಳು. ಮೇಷ್ಟ್ರ ಮೀಸೆಗೆ ಅಂಟಿದ್ದ ಗಸಗಸೆಯನ್ನು ನೋಡಿದಳು. ತಮ್ಮನ ಇಡೀ ಬಾಳನ್ನು ಒಂದು ಕಜ್ಜಾಯಕ್ಕೆ ಮಾರಿಬಿಟ್ಟೆನಲ್ಲ ಎಂದು ಮೇಷ್ಟ್ರಿಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು.

ಅಷ್ಟರಲ್ಲಿ ಹಿತ್ತಲಿಂದ ಭಾನು ಬಂದ. ಅವನ ಹಿಂದೆ ಹರಿಣಿ. ಇಬ್ಬರ ಮುಖವೂ ಅರಳಿತ್ತು. "ಅಣ್ಣಾ, ಒಪ್ಕೊಂಡ್ಬಿಟ್ರಾ? ನಂಗೆ ಇಷ್ಟ ಆಗಿದ್ದಾರೆ, ನಿಮ್ಗೆ ಹೆಂಗಪ್ಪಾ ಹೇಳೋದು ಅಂತ ಒದ್ದಾಡ್ತಿದ್ದೆ ಕಣಣ್ಣ!" ಎಂದು ಬಗ್ಗಿ ಕಾಲಿಗೆ ಬಿದ್ದ. ಹರಿಣಿಯೂ ಬಿದ್ದಳು.

ಯಾಮಿನಿಯ ಮುಖ ಸಡಿಲವಾಯಿತು. "ನಂಗೂ ಇಷ್ಟಾನೇ ಆಗಿದ್ಲು," ಎಂದಳು. ಗಂಗುಲಪ್ಪನವರು ತಕ್ಷಣ ಧ್ವನಿ ಬದಲಾಯಿಸಿ, "ಮುರಳಪ್ಪಂಗೆ ನಾನೇ ಹೇಳಿದ್ದೆ, ನೋಡಿ ಕೈ ಹಾಕು ಅಂತ," ಎಂದು ಎಲ್ಲರಿಗೂ ವಿವರಿಸತೊಡಗಿದರು.

ಮೇಷ್ಟ್ರಿಗೆ ಉಸಿರು ಬಂತು. ಶುಭಕಾರ್ಯ, ಅದೂ ತಮ್ಮಿಂದಲೇ ಆದದ್ದು. ಇಂಥ ಹೊತ್ತಲ್ಲಿ ಇನ್ನೊಂದು ತಿಂದರೆ ಯಾಮಿನಿ ಬೇಡವೆನ್ನುವಳೇ? ಧೈರ್ಯವಾಗಿ, ಎಲ್ಲರೆದುರೇ, ತಟ್ಟೆಗೆ ಕೈ ಚಾಚಿದರು.

ಅಮ್ಮಾಜಮ್ಮ ಗಬಕ್ಕನೆ ಮಣಿಕಟ್ಟು ಹಿಡಿದುಕೊಂಡರು.

"ಆಗಲ್ಲ ನಾಯನಾ. ನಾನು ಮನೆದೇವರಿಗೆ ಹರಕೆ ಹೊತ್ತಿದ್ದೀನಿ. ಎಷ್ಟೋ ಜನ ಬಂದ್ರು, ಬೋಂಡ ತಿಂದ್ರು, ಹೋದ್ರು. ನನ್ ಮೊಮ್ಮಗಳ್ನ ಒಪ್ಪಿ ಈ ತಟ್ಟೆಗೆ ಮೊದಲು ಕೈ ಹಾಕೋ ಪುಣ್ಯಾತ್ಮನ್ನ ಬೆಲ್ಲದಲ್ಲಿ ತೂಗಿಸ್ತೀನಪ್ಪಾ ಅಂತ ಹೇಳ್ಕೊಂಡಿದ್ದೆ. ಆ ಪುಣ್ಯಾತ್ಮ ನೀನೇ."

ತಕ್ಕಡಿಯ ಒಂದು ಕಡೆ ತಾವು, ಇನ್ನೊಂದು ಕಡೆ ಅಷ್ಟೇ ತೂಕದ ಬೆಲ್ಲ! ತಮ್ಮ ತೂಕವನ್ನು ಯಾರೋ ಒಬ್ಬರು ಜೀವನದಲ್ಲಿ ಮೊದಲ ಸಲ ಗೌರವದಿಂದ ನೋಡುತ್ತಿದ್ದಾರೆ ಎನಿಸಿ ಮೇಷ್ಟ್ರ ಕಣ್ಣು ತುಂಬಿತು. "ಆಗ್ಲಿ ತಾಯಿ, ಖಂಡಿತ ಕೂತ್ಕೋತೀನಿ," ಎಂದರು.

"ಕೂತ್ಕೋಬೇಕು. ಆದ್ರೆ ಅಲ್ಲೀವರೆಗೂ ಬೆಲ್ಲ ದೇವರ್ದು. ತಕ್ಕಡೀಲಿ ಕೂರೋನು ಅದನ್ನ ಬಾಯಿಗೆ ಹಾಕಂಗಿಲ್ಲ."

"ಅಲ್ಲೀವರೆಗೂ ಅಂದ್ರೆ?"

"ನಮ್ ಮನೇಲಿ ಮದುವೆ ಮಾಡೋದೇ ಮಾಘದಲ್ಲಿ. ಮದುವೆ ಆಗಿ, ಗಂಡು ಹೆಣ್ಣು ಕರ್ಕೊಂಡು ಮನೆದೇವರಿಗೆ ಹೋದಾಗ."

ಮೇಷ್ಟ್ರು ಆಷಾಢದಿಂದ ಮಾಘದವರೆಗಿನ ಭಾನುವಾರಗಳನ್ನು ಒಂದರ ಹಿಂದೊಂದು ಮನಸ್ಸಿಗೆ ತಂದುಕೊಂಡು ತತ್ತರಿಸಿಹೋದರು. ಮಧ್ಯೆ ಗಣೇಶನ ಹಬ್ಬ ಬೇರೆ ಬರುತ್ತದೆ, ದೀಪಾವಳಿ ಬರುತ್ತದೆ, ಸಂಕ್ರಾಂತಿ ಬರುತ್ತದೆ. ಹೆಂಡತಿಯ ಕಡೆ ತಿರುಗಿ, ಮಕ್ಕಳು ಆಟಕ್ಕೆ ಬಿಡಿ ಎಂದು ಕೇಳುವ ದನಿಯಲ್ಲಿ, "ಬೆಲ್ಲ ದೇವರ್ದು ಆದ್ರೆ, ಭಾನುವಾರ ಒಂದೇ ಒಂದು ಸಕ್ಕರೇದು..." ಎಂದರು.

"ಸಕ್ಕರೆ ಮೊದಲಿಂದಾನೂ ಇಲ್ಲ ರೀ," ಎಂದಳು ಯಾಮಿನಿ. "ದೇವರೇ ಪ್ಲಾನು ಹಾಕ್ಕೊಟ್ಟ ಹಾಗಾಯ್ತು."

ವೆಂಕಟರವಣಪ್ಪನವರು ಇಷ್ಟು ಹೊತ್ತೂ ಮೇಷ್ಟ್ರನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡುತ್ತಲೇ ಇದ್ದರು. ಅವರ ತುಟಿ ಏನನ್ನೋ ಗುಣಿಸುತ್ತಿತ್ತು. ಕೊನೆಗೆ ಯಾಮಿನಿಯ ಹತ್ತಿರ ಬಂದು ದನಿ ತಗ್ಗಿಸಿ, "ತಪ್ಪು ತಿಳ್ಕೋಬೇಡಮ್ಮ. ಮಾಘಕ್ಕೆ ಬೀಗ್ರು ಇನ್ನೂ ಸ್ವಲ್ಪ ಇಳಿದ್ರೆ ನಮಗೂ ಅನುಕೂಲ," ಎಂದರು.

"ಇಳಿಸ್ತೀನಿ ಅಣ್ಣ, ಅದು ನನ್ ಜವಾಬ್ದಾರಿ," ಎಂದಳು ಯಾಮಿನಿ. "ಮಧ್ಯಾಹ್ನದ ಮುದ್ದೇನೂ ಅರ್ಧ ಮಾಡ್ತೀನಿ."

ಕಜ್ಜಾಯದ ತಟ್ಟೆ ಎಲ್ಲರ ಮುಂದೆ ಸುತ್ತತೊಡಗಿತು. ಗಂಗುಲಪ್ಪನವರು ಎರಡೆರಡು ಎತ್ತಿಕೊಂಡರು, ಯಾಮಿನಿಯೂ ಒಂದು ಮುರಿದು ಬಾಯಿಗಿಟ್ಟು ಪಾಕ ಚೆನ್ನಾಗಿ ಬಂದಿದೆ ಎಂದು ಹೊಗಳಿದಳು. ತಟ್ಟೆ ಹಿಡಿದ ಹರಿಣಿ ಮೇಷ್ಟ್ರ ಎದುರಿಗೆ ಬಂದು ಒಂದು ಗಳಿಗೆ ನಿಂತಳು. ಅವಳಿಗೆ ಪಾಪ ಎನಿಸಿರಬೇಕು. ತಟ್ಟೆಯನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿಸಿ, ಮೊದಲ ಬಾರಿಗೆ ಅವರನ್ನು ನೆಂಟಸ್ತಿಕೆ ಹಿಡಿದು ಮಾತಾಡಿಸಿದಳು.

"ಭಾವಾ, ನಿಮ್ಗೆ ಸೌತೆಕಾಯಿ ಹೆಚ್ಕೊಂಡ್ ಬರ್ಲಾ?"