ಡಿಸ್ಕು ಹೇಳಿದ ಆಯ್ತು

ನಮ್ಮ ಭಾಷೆಯಲ್ಲಿ 'ಆಯ್ತು' ಅನ್ನುವ ಮಾತನ್ನು ಹುಟ್ಟಿಸಿದ ಮಹಾನುಭಾವ ಖಂಡಿತ ಸೋಮಾರಿ ಗಂಡನೇ ಇರಬೇಕು. ಕೆಲಸ ಮುಗಿಸಿದವನೂ 'ಆಯ್ತು' ಅಂತಾನೆ, ಕುರ್ಚಿ ಬಿಟ್ಟು ಏಳದವನೂ 'ಆಯ್ತು' ಅಂತಾನೆ. ಗ್ಯಾಸ್ ಬುಕ್ ಮಾಡ್ರೀ ಅಂತ ನನ್ನ ಹೆಂಡತಿ ಸರೋಜ ಅಡುಗೆಮನೆಯಿಂದ ಕೂಗಿದರೆ ನಾನು ಪೇಪರಿನ ಮರೆಯಿಂದ 'ಆಯ್ತು ಕಣೇ' ಅನ್ನುತ್ತೇನೆ. ಅದು ಮಾಡಿದ ಆಯ್ತೋ, ಮಾಡ್ತೀನಿ ಅನ್ನೋ ಆಯ್ತೋ, ಸಿಲಿಂಡರ್ ಖಾಲಿಯಾದ ದಿನ ತಿಳಿಯುತ್ತೆ. ಈ ವಿದ್ಯೆ ಕಂಪ್ಯೂಟರಿನ ಡಿಸ್ಕಿಗೂ ಬರುತ್ತೆ ಅಂತ ಗೊತ್ತಾದದ್ದು ಮಾತ್ರ ಮುನಿರತ್ನಮ್ಮನ ಹಾಲು ಮಾಯವಾದ ಮೇಲೆ.

ಜಂಗಮಕೋಟೆ ಕಡೆಯ ಒಂದು ಹಾಲಿನ ಡೇರಿಯಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುವವನು. ಯಾರ ಹಾಲು ಎಷ್ಟು, ಫ್ಯಾಟ್ ಎಷ್ಟು, ಎಲ್ಲ ನಮ್ಮ ಸರ್ವರಿನಲ್ಲಿರುತ್ತೆ. ಅವತ್ತು ಬೆಳಗ್ಗೆ, ದಿನಾ ಹಾಲು ಹಾಕುವ ಮುನಿರತ್ನಮ್ಮ ಕ್ಯಾನು ಬಗ್ಗಿಸಿದರು, ಪರದೆಯ ಮೇಲೆ ಲೆಕ್ಕ ಸೇರಿತು ಅನ್ನುವ ಹಸಿರು ಗುರುತು ಬಂತು, ಹಿಂದೆಯೇ ಕರೆಂಟ್ ಹೋಯ್ತು. ಮತ್ತೆ ಬಂದಾಗ ನೋಡಿದರೆ ಅವರ ಹೆಸರಲ್ಲಿ ಒಂದು ತೊಟ್ಟು ಹಾಲಿಲ್ಲ!

"ಏನಪ್ಪಾ, ಕರೆಂಟ್ ಹೋದ್ರೆ ಹಾಲೂ ಹೋಗ್ತದಾ? ನಾನೇನು ಗಾಳಿ ಹುಯ್ದಿದ್ನಾ?" ಅಂತ ಸೊಂಟಕ್ಕೆ ಕೈಯಿಟ್ಟು ನಿಂತರು. ಇನ್ನೊಂದ್ಸಲ ಹಿಂಗಾದ್ರೆ ಬೀದಿಯವರನ್ನೆಲ್ಲ ಕರಕೊಂಡು ಎದುರಿನ ಡೇರಿಗೆ ಹೋಗ್ತೀನಿ ಅಂದರು. ಡೇರಿಯ ಅಧ್ಯಕ್ಷರು ಅವರ ಮಾತಿನ ಮೇಲೇ ಹಾಲು ಬರೆಸಿ, ನನ್ನ ಕಡೆ ತಿರುಗಿ, "ಆಯಮ್ಮ ಹೋದ್ರೆ ನಿನ್ನ ಕೆಲಸಾನೂ ಹಿಂದೇನೇ ಹೋಗ್ತದೆ ಕಣಪ್ಪ" ಅಂದರು. ಯುಪಿಎಸ್ ಇರಲಿಲ್ವಾ ಅಂತ ದಯವಿಟ್ಟು ಕೇಳಬೇಡಿ. ಅದರ ಬ್ಯಾಟರಿ ಬದಲಾಯಿಸು ಅಂತ ಅಧ್ಯಕ್ಷರು ಹಿಂದೆಯೇ ಹೇಳಿದ್ದರು, ನಾನು ಆಯ್ತು ಅಂದಿದ್ದೆ.

ಬ್ಯಾಟರಿಯನ್ನೂ ಹಾಕಿಸಿದೆ, ಡಿಸ್ಕಿನ ಗುಟ್ಟನ್ನೂ ಹುಡುಕಿದೆ. ಡೇಟಾಬೇಸು 'ಬರ್ಕೊಂಡ್ಯಾ?' ಅಂತ ಕೇಳಿದರೆ, ನಮ್ಮ ಅಗ್ಗದ ಎಸ್‌ಎಸ್‌ಡಿ ಡಿಸ್ಕು ಹಾಲಿನ ಲೆಕ್ಕವನ್ನು ತಾತ್ಕಾಲಿಕ ನೆನಪಿನಲ್ಲಿಟ್ಟುಕೊಂಡು 'ಆಯ್ತು' ಅಂದುಬಿಡುತ್ತಿತ್ತು. ಥೇಟ್ ನನ್ನದೇ ಆಯ್ತು! ಬರೆಯುವಷ್ಟರಲ್ಲಿ ಕರೆಂಟ್ ಹೋದರೆ ನೆನಪೂ ಹೋಯ್ತು, ಹಾಲೂ ಹೋಯ್ತು.

ಬೇರೆ ಡಿಸ್ಕು ಕೇಳಲು ಹೋದರೆ, ಚಿಂತಾಮಣಿಯ ಕಂಪ್ಯೂಟರ್ ಅಂಗಡಿಯವನು ಹೊಳೆಯುವ ಡಬ್ಬಿಯೊಂದನ್ನು ಮುಂದಿಟ್ಟು, "ಇದು ತಗೊಳ್ಳಿ ಸಾರ್, ಸ್ಪೀಡ್ ಅಂದ್ರೆ ಸ್ಪೀಡು" ಅಂದ.

"ಸ್ಪೀಡು ಕಟ್ಕೊಂಡು ಏನ್ಮಾಡ್ಲಪ್ಪ? ಕರೆಂಟ್ ಹೋದಾಗ ಇದು ಏನ್ಮಾಡ್ತದೆ?"

"ನಾವೇನ್ ಮಾಡ್ತೀವೋ ಅದೇ ಸಾರ್. ಸುಮ್ನೆ ಕೂತಿರ್ತದೆ."

ಕೊನೆಗೆ ಸರ್ವರಿಗೆಂದೇ ಮಾಡಿದ ಡಿಸ್ಕನ್ನು ತರಿಸಿದೆ. ಅದರೊಳಗೆ ಪುಟಾಣಿ ಕೆಪಾಸಿಟರುಗಳಿವೆ. ಕರೆಂಟ್ ಹೋದ ಮೇಲೂ, ಅವುಗಳಲ್ಲಿ ಉಳಿದ ಚೂರು ಶಕ್ತಿಯಲ್ಲಿ ಒಪ್ಪಿಕೊಂಡ ಕೆಲಸ ಮುಗಿಸಿಯೇ ಅದು ಮಲಗುತ್ತೆ. ಮುನಿರತ್ನಮ್ಮ ಹಾಲು ಹಾಕಿದರು, ಹಸಿರು ಗುರುತು ಬಂತು, ಎಲ್ಲರೆದುರು ನಾನೇ ಸರ್ವರಿನ ಪ್ಲಗ್ ಕಿತ್ತೆ. ಮತ್ತೆ ಹಾಕಿದೆ. ಪರದೆ ತೆರೆದರೆ ಅವರ ಹಾಲು ಹಾಗೇ ಇತ್ತು! "ಪರ್ವಾಗಿಲ್ಲಪ್ಪ, ಇದಕ್ಕೆ ಮಾನ ಐತೆ" ಅಂದು ಖಾಲಿ ಕ್ಯಾನು ಎತ್ತಿಕೊಂಡರು.

ಸಂಜೆ ಎದೆಯುಬ್ಬಿಸಿಕೊಂಡು ಮನೆಗೆ ಬಂದೆ. "ನೋಡೇ, ನಾನು ತಂದ ಡಿಸ್ಕು ಆಯ್ತು ಅಂದ್ರೆ ಆಯ್ತೇ!" ಅಂತ ಕಥೆಯೆಲ್ಲ ಹೇಳಿದೆ. ಸರೋಜ ಪೂರ್ತಿ ಕೇಳಿಸಿಕೊಂಡು, "ಬರ್ತಾ ಹಾಲು ತನ್ನಿ ಅಂತ ಬೆಳಗ್ಗೆನೇ ಹೇಳಿದ್ದೆ, ಎಲ್ಲಿ?" ಅಂದಳು.

ದಿನವಿಡೀ ಡೇರಿಯಲ್ಲೇ ಇದ್ದವನು ನಾನು.

"ಆ ಡಿಸ್ಕನ್ನೇ ಮನೆಗೆ ತಂದು, ನಿಮ್ಮನ್ನ ಅಲ್ಲೇ ಬಿಟ್ಟು ಬರಬೇಕಿತ್ತು" ಅಂದಳು.

"ಆಯ್ತು ಕಣೇ, ಈಗ್ಲೇ ತರ್ತೀನಿ" ಅಂದೆ. ಅಷ್ಟರಲ್ಲಿ ಅವಳು ಪಾತ್ರೆ ತಗೊಂಡು ಚಪ್ಪಲಿ ಮೆಟ್ಟಿದ್ದಳು.